ಮ್ಯಾಡಿಸನ್‌ನ ಕೆರೆ ದಂಡೆಗೆ ಇಪ್ಪತ್ತಾರು ಜನ ಬರುವುದಾದರೆ

ಪ್ರಶ್ನೆ: ನಮ್ಮ ನಾದಿನಿಯ ಮಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಬರುವ ಮೇ ತಿಂಗಳಲ್ಲಿ ಅವನ ಪದವಿ ಸಮಾರಂಭ. ನಮ್ಮ ಅತ್ತೆಗೆ 81 ವರ್ಷ, ಮಂಡಿ ನೋವಿದೆ. ಅವರ ಐದು ಮಕ್ಕಳಲ್ಲಿ ಇಬ್ಬರು ಅಮೆರಿಕದಲ್ಲಿ, ಒಬ್ಬರು ಕೆನಡಾದಲ್ಲಿ, ಇಬ್ಬರು ಇಲ್ಲಿ. ಎಲ್ಲರೂ ಒಂದೇ ಕಡೆ ಸೇರಿ ಹನ್ನೊಂದು ವರ್ಷವಾಯಿತು. ಪದವಿ ಸಮಾರಂಭದ ನೆಪದಲ್ಲಿ ಅಲ್ಲೇ ಸೇರೋಣ ಅಂತ ಮಾತಾಗಿದೆ. ಮಕ್ಕಳೂ ಸೇರಿ 26 ಜನ, ನಾಲ್ಕು ದಿನ. ಹೋಟೆಲ್ ಹಿಡಿಯೋಣವೇ, ಮನೆ ಬಾಡಿಗೆಗೆ ತೆಗೆದುಕೊಳ್ಳೋಣವೇ? ಎಲ್ಲಿಂದ ಶುರು ಮಾಡಬೇಕು? (ಒಬ್ಬ ಓದುಗರು, ದಾವಣಗೆರೆ)

ಉತ್ತರ: ಹನ್ನೊಂದು ವರ್ಷ ಅಂತ ಓದಿದಾಗ ನನಗೆ ನಮ್ಮ ಮನೆಯೇ ನೆನಪಾಯಿತು. ನಾನು ಮ್ಯಾಡಿಸನ್‌ನಲ್ಲಿ ಹತ್ತೊಂಬತ್ತು ವರ್ಷ ಇದ್ದೆ. ನಮ್ಮ ಕಡೆಯವರನ್ನು ಎರಡು ಸಲ ಅಲ್ಲಿ ಸೇರಿಸಿದ್ದೇನೆ. ಮೊದಲನೇ ಸಲ ಕೆಟ್ಟಿತು, ಎರಡನೇ ಸಲ ಚೆನ್ನಾಗಿ ಆಯಿತು. ಎರಡರಿಂದಲೂ ಕಲಿತದ್ದನ್ನು ಹೇಳುತ್ತೇನೆ.

ಹೋಟೆಲ್, ಮನೆ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ತಾರೀಖು ಬದಲಿಸಿ.

ಪದವಿ ಸಮಾರಂಭದ ಶನಿವಾರ, ಭಾನುವಾರ 26 ಜನರನ್ನು ಸೇರಿಸುವ ದಿನವಲ್ಲ. ಸುಮಾರು 50 ಸಾವಿರ ವಿದ್ಯಾರ್ಥಿಗಳು ಓದುವ ವಿಶ್ವವಿದ್ಯಾಲಯ ಅದು. ಆ ದಿನ ಸಾವಿರಾರು ಮನೆಗಳವರು ಒಟ್ಟಿಗೆ ಊರಿಗೆ ಬರುತ್ತಾರೆ. ಕೋಣೆಗಳು ತಿಂಗಳುಗಟ್ಟಲೆ ಮುಂಚೆಯೇ ಹೋಗಿರುತ್ತವೆ, ಉಳಿದಿದ್ದಕ್ಕೆ ಬೆಲೆ ಜಾಸ್ತಿ. ಮುಖ್ಯ ಸಮಾರಂಭ ನಡೆಯುವುದು ಕ್ಯಾಂಪ್ ರ‍್ಯಾಂಡಲ್ ಎಂಬ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಮೇಲೆ ಸೂರಿಲ್ಲ. ಮೇ ಮೊದಲ ವಾರಗಳಲ್ಲಿ ಅಲ್ಲಿ ಮಳೆಯೂ ಬರಬಹುದು, ಸ್ವೆಟರ್ ಬೇಕಾಗುವ ಚಳಿಯೂ ಇರಬಹುದು. ಹುಡುಗನಿಗೂ ಆ ದಿನ ಅವನ ಗೆಳೆಯರು, ಅವನ ಮೇಷ್ಟ್ರುಗಳು ಬೇಕು. ಸೋದರಮಾವನ ಮಕ್ಕಳನ್ನು ಬಸ್ ನಿಲ್ದಾಣದಿಂದ ಕರೆತರುವ ಕೆಲಸ ಅವನ ತಲೆಗೆ ಬರಬಾರದು, ಅಲ್ವಾ?

ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಸಮಾರಂಭಕ್ಕೆ ಅಪ್ಪ, ಅಮ್ಮ, ಅಜ್ಜಿ, ಇನ್ನೊಬ್ಬರು, ಇಷ್ಟೇ ಜನ ಹೋಗಲಿ. ಅಜ್ಜಿ ಅಲ್ಲೇ ಉಳಿಯಲಿ. ಉಳಿದವರೆಲ್ಲ ಮೇ ತಿಂಗಳ ಕೊನೆಯ ಸೋಮವಾರಕ್ಕೆ ಸೇರಲಿ. ಅದು ಅಮೆರಿಕದಲ್ಲಿ ಮೆಮೋರಿಯಲ್ ಡೇ, ರಜೆ. ಅಲ್ಲಿರುವವರಿಗೆ ಶನಿವಾರದಿಂದ ಮೂರು ದಿನ ಸಿಗುತ್ತದೆ, ಶುಕ್ರವಾರ ಒಂದು ರಜೆ ಹಾಕಿದರೆ ನಿಮ್ಮ ನಾಲ್ಕು ದಿನ ಆಯಿತು. ನಮ್ಮ ಕರ್ನಾಟಕದ ಶಾಲೆ ಮಕ್ಕಳಿಗೂ ಆಗ ಸಾಮಾನ್ಯವಾಗಿ ಬೇಸಿಗೆ ರಜೆ ಇನ್ನೂ ಮುಗಿದಿರುವುದಿಲ್ಲ. ಜೂನ್‌ಗೆ ಹೋದರೆ ಅಮೆರಿಕದ ಮಕ್ಕಳಿಗೆ ರಜೆ ಶುರು, ನಮ್ಮ ಮಕ್ಕಳಿಗೆ ಶಾಲೆ ಶುರು. ಎರಡೂ ಕಡೆಯವರಿಗೆ ಹೊಂದುವ ದಿನ ಈ ಒಂದು ವಾರದಲ್ಲಿ ಮಾತ್ರ ಸಿಗುತ್ತದೆ. ಆ ಸೋಮವಾರ 25ರಿಂದ 31ರೊಳಗೆ ಎಂದು ಬೇಕಾದರೂ ಬೀಳಬಹುದು. ತಿಂಗಳ ಕೊನೆಯ ದಿನಗಳಲ್ಲಿ ಬಿದ್ದರೆ ನಿಮ್ಮ ಕಡೆಯ ಶಾಲೆಗಳನ್ನು ಒಮ್ಮೆ ಕೇಳಿಕೊಳ್ಳಿ.

ನಮ್ಮ ಮೊದಲ ಸಲದ ಕಥೆ ಹೇಳಬೇಕು. ಆಗಸ್ಟ್ 15ಕ್ಕೆ ಸೇರೋಣ, ಬೆಂಗಳೂರಿನವರಿಗೆ ಸ್ವಾತಂತ್ರ್ಯ ದಿನದ ರಜೆ ಕೂಡಿಬರುತ್ತದೆ ಅಂತ ನಮ್ಮ ಭಾವ ಹೇಳಿದರು. ನಾನೂ ಹೂಂ ಅಂದೆ. ವಿಶ್ವವಿದ್ಯಾಲಯದ ಹತ್ತಿರ, ನಡೆದುಕೊಂಡೇ ಕೆರೆಗೆ ಹೋಗುವಂಥ ಮನೆ ಹಿಡಿದೆ. ಮ್ಯಾಡಿಸನ್‌ನಲ್ಲಿ ಕ್ಯಾಂಪಸ್ ಸುತ್ತಲಿನ ಬಹುಪಾಲು ಬಾಡಿಗೆ ಕರಾರು ಆಗಸ್ಟ್ 14ಕ್ಕೆ ಮುಗಿದು 15ಕ್ಕೆ ಹೊಸದು ಶುರುವಾಗುತ್ತದೆ. ಸಾವಿರಾರು ಹುಡುಗರು ಒಂದೇ ದಿನ ಮನೆ ಬದಲಿಸುತ್ತಾರೆ. ಬೀದಿ ತುಂಬ ಸೋಫಾ, ಹಾಸಿಗೆ, ಮೇಜು, ದೀಪ. ಬೇಕಾದವರು ಪುಕ್ಕಟೆ ಎತ್ತಿಕೊಂಡು ಹೋಗಬಹುದು, ಅದಕ್ಕೆ ಊರಿನವರು ‘ಹಿಪ್ಪಿ ಕ್ರಿಸ್‌ಮಸ್’ ಅನ್ನುತ್ತಾರೆ. ಹುಡುಗರಿಗೆ ಅದು ಹಬ್ಬ. ನಮಗೆ? ಸಾಮಾನು ಲಾರಿಗಳ ನಡುವೆ ಕಾರು ನಿಲ್ಲಿಸಲು ಜಾಗವಿಲ್ಲದೆ, ನಮ್ಮ ಅಮ್ಮ ಎರಡು ಬೀದಿ ಆಚೆ ಇಳಿದು, ಕೈಗೋಲು ಊರಿಕೊಂಡು ಹಾಸಿಗೆಗಳ ಮಧ್ಯೆ ನಡೆದು ಬಂದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಅದೇ ವಾರ ಕೆರೆಯಲ್ಲಿ ಹಸಿರು ಪಾಚಿ ಎದ್ದು ಈಜುವ ಕಡೆಗಳಲ್ಲಿ ನೀರಿಗೆ ಇಳಿಯಬೇಡಿ ಎಂಬ ಫಲಕ ಹಾಕಿದ್ದರು. ಬೇಸಿಗೆಯ ಕೊನೆಯಲ್ಲಿ ಅಲ್ಲಿನ ಕೆರೆಗಳಲ್ಲಿ ಇದು ಆಗಾಗ ಆಗುತ್ತದೆ. ಸುತ್ತಲಿನ ಹೊಲಗಳಿಂದ ಗೊಬ್ಬರದ ರಂಜಕ ಹರಿದು ಬರುತ್ತದೆ, ಬಿಸಿಲಿಗೆ ನೀಲಿ ಹಸಿರು ಪಾಚಿ ಬೆಳೆಯುತ್ತದೆ. ಕೆಲವು ಸಲ ಅದು ವಿಷ. ಚಿಕ್ಕ ಮಕ್ಕಳು ಬಟ್ಟೆ ಬದಲಿಸಿ ನಿಂತು ಅಳುತ್ತಿದ್ದವು.

ಹೀಗಾಗಿ ಕಾಲೇಜು ಊರಿಗೆ ಹೋಗುವವರು ಮೊದಲು ಆ ಊರಿನ ಪಂಚಾಂಗ ನೋಡಬೇಕು. ಮ್ಯಾಡಿಸನ್‌ನಲ್ಲಿ ಆಗಸ್ಟ್ ಮಧ್ಯ ಬೇಡ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಊರಿನಲ್ಲೇ ಫುಟ್‌ಬಾಲ್ ಪಂದ್ಯ ಇರುವ ಶನಿವಾರ ಬೇಡ. ಅಕ್ಟೋಬರ್ ಶುರುವಿನ ಹೊತ್ತಿಗೆ ನಡೆಯುವ ವರ್ಲ್ಡ್ ಡೈರಿ ಎಕ್ಸ್‌ಪೋ ವಾರವೂ ಬೇಡ. ಜಗತ್ತಿನ ಹೈನುಗಾರರೆಲ್ಲ ಬಂದು ಹೋಟೆಲ್ ತುಂಬಿರುತ್ತಾರೆ.

ತಾರೀಖು ಗಟ್ಟಿಯಾದ ಮಾರನೇ ದಿನವೇ ವೀಸಾ ಅರ್ಜಿ ಹಾಕಿ. ಸಂದರ್ಶನದ ದಿನ ಸಿಗಲು ತಿಂಗಳುಗಳು ಹಿಡಿಯಬಹುದು. ವೀಸಾ ಕೈಗೆ ಬರುವವರೆಗೆ, ರದ್ದು ಮಾಡಿದರೆ ಹಣ ವಾಪಸ್ ಕೊಡುವಂಥ ಕೋಣೆಗಳನ್ನೇ ಹಿಡಿಯಿರಿ. ಅತ್ತೆಯವರಿಗೆ ಪ್ರಯಾಣದ ಆರೋಗ್ಯ ವಿಮೆ ಬೇಕೇ ಬೇಕು. ಮೊದಲಿನಿಂದ ಇರುವ ಕಾಯಿಲೆ ಉಲ್ಬಣಿಸಿದರೆ ಖರ್ಚು ಕೊಡುತ್ತಾರೋ ಇಲ್ಲವೋ ಅನ್ನುವ ಸಾಲನ್ನು ಓದದೆ ವಿಮೆ ತೆಗೆದುಕೊಳ್ಳಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 26 ಜನ ಒಂದೇ ಮನೆಯಲ್ಲಿ ಹಿಡಿಸುವುದು ಕಷ್ಟ. ಬಾಡಿಗೆ ಮನೆಗಳಿಗೆ ಇಷ್ಟೇ ಜನ ಅಂತ ಮಿತಿ ಇರುತ್ತದೆ. ಆ ಲೆಕ್ಕದಲ್ಲಿ ಕೂಸುಗಳೂ ಬರುತ್ತವೆಯೇ ಅಂತ ಮೊದಲೇ ಬರೆದು ಕೇಳಿ. ನನ್ನ ಸಲಹೆ: ಅಡುಗೆಮನೆ ದೊಡ್ಡದಿರುವ, ನೆಲಮಹಡಿಯಲ್ಲೇ ಮಲಗುವ ಕೋಣೆ ಮತ್ತು ಸ್ನಾನದ ಮನೆ ಇರುವ ಒಂದು ಮನೆ. ಅಲ್ಲಿ ಅತ್ತೆ ಮತ್ತು ಅವರ ಜೊತೆ ಇರುವವರು. ಉಳಿದವರಿಗೆ ಐದು ಹತ್ತು ನಿಮಿಷದ ದಾರಿಯಲ್ಲಿ ಹೋಟೆಲ್ ಕೋಣೆಗಳು. ಹಗಲೆಲ್ಲ ಎಲ್ಲರೂ ಆ ಮನೆಯಲ್ಲೇ. ಕ್ಯಾಂಪಸ್ ಪಕ್ಕ ಹುಡುಕಬೇಡಿ. ಮಿಡಲ್‌ಟನ್, ಮೊನೋನಾ, ಫಿಚ್‌ಬರ್ಗ್ ಅಂತ ಅಂಟಿಕೊಂಡೇ ಇರುವ ಊರುಗಳಿವೆ. ಕಾರು ನಿಲ್ಲಿಸಲು ಜಾಗ ಇರುತ್ತದೆ, ಊರೊಳಗೆ ಬರಲು ಜಾಸ್ತಿ ಹೊತ್ತು ಬೇಡ.

ಮನೆಯ ಚಿತ್ರ ನೋಡಿ ಮಾರುಹೋಗಬೇಡಿ. ಬಾಗಿಲಿಗೆ ಎಷ್ಟು ಮೆಟ್ಟಿಲು, ಸ್ನಾನಕ್ಕೆ ತೊಟ್ಟಿಯ ಅಂಚು ದಾಟಬೇಕೇ, ಒಲೆಗೆ ಎಷ್ಟು ಬರ್ನರ್, ದೊಡ್ಡ ಪಾತ್ರೆ ಇವೆಯೇ ಅಂತ ಕೇಳಿ. ಎರಡನೇ ಸಲ ನಾನು ಮಾಲೀಕರಿಗೆ ಈ ನಾಲ್ಕೇ ಪ್ರಶ್ನೆ ಕಳಿಸಿದ್ದೆ. ಅವರು ಮೆಟ್ಟಿಲಿನ ಫೋಟೊ ತೆಗೆದು ಕಳಿಸಿದರು. ಆ ಫೋಟೊ ನೋಡಿಯೇ ಮನೆ ಒಪ್ಪಿದೆ.

ಹಣದ ಮಾತು ಮುಂಚೆಯೇ ಆಗಲಿ. ತಲೆಗಿಷ್ಟು ಅಂತ ಸಮವಾಗಿ ಹಂಚುವುದು ನ್ಯಾಯವಾಗಿ ಕಾಣುತ್ತದೆ, ಆದರೆ ನ್ಯಾಯವಲ್ಲ. ಭಾರತದಿಂದ ನಾಲ್ಕು ಜನ ಬರುವ ಮನೆಗೆ ವಿಮಾನದ ಟಿಕೆಟ್ಟೇ ದೊಡ್ಡ ಹೊರೆ. ನಮ್ಮಲ್ಲಿ ಹೀಗೆ ಮಾಡಿದೆವು: ಟಿಕೆಟ್ ಅವರವರದು, ಮನೆ ಬಾಡಿಗೆ ಮತ್ತು ದಿನಸಿ ಡಾಲರಿನಲ್ಲಿ ದುಡಿಯುವವರದು, ಅಮ್ಮನ ಟಿಕೆಟ್ ಎಲ್ಲ ಮಕ್ಕಳದು. ಯಾರ ಮನಸ್ಸಿಗೂ ಭಾರವಾಗಲಿಲ್ಲ. ಇದನ್ನು ಹೇಳಬೇಕಾದವರು ಹಿರಿಯ ಅಣ್ಣನೋ ಅಕ್ಕನೋ. ಸೊಸೆಯಾದ ನಿಮ್ಮ ಬಾಯಿಂದ ಬರುವುದು ಬೇಡ.

ಪ್ರಯಾಣದ ಬಗ್ಗೆ ಎರಡು ಮಾತು. ಭಾರತದಿಂದ ಬರುವವರು ಸಾಮಾನ್ಯವಾಗಿ ಷಿಕಾಗೋದ ಓ'ಹೇರ್‌ನಲ್ಲಿ ಇಳಿಯುತ್ತಾರೆ. ಅಲ್ಲಿಂದ ಮ್ಯಾಡಿಸನ್ ಕಾರಿನಲ್ಲಿ ಎರಡೂವರೆ ಗಂಟೆ, ನೇರ ಬಸ್ಸೂ ಇದೆ. ಮ್ಯಾಡಿಸನ್‌ನಲ್ಲೂ ವಿಮಾನ ನಿಲ್ದಾಣವಿದೆ. ಆದರೆ ಇಪ್ಪತ್ತು ಗಂಟೆ ಪ್ರಯಾಣ ಮಾಡಿದ ವಯಸ್ಸಾದವರನ್ನು ಇನ್ನೊಂದು ವಿಮಾನಕ್ಕೆ ಕಾಯಿಸುವುದಕ್ಕಿಂತ ಮಗನ ಕಾರಿನಲ್ಲಿ ಕಾಲು ಚಾಚಿ ಕೂರಿಸಿ ಕರೆತರುವುದು ಮೇಲು. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ಮಾತ್ರೆಗಳು, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಹಸಿ ಕರಿಬೇವು, ಹಣ್ಣು ತರಬೇಡಿ, ಗಡಿಯಲ್ಲಿ ತೆಗೆದು ಎಸೆಯುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ ತಂದದ್ದನ್ನು ಫಾರಂನಲ್ಲೋ ಅಧಿಕಾರಿಗೋ ಮುಚ್ಚಿಡದೆ ಹೇಳಿ. ಚಿಕ್ಕ ಮಕ್ಕಳಿದ್ದರೆ ವಿಸ್ಕಾನ್ಸಿನ್‌ನಲ್ಲಿ 8 ವರ್ಷದೊಳಗಿನವರಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಕಾರು ಬಾಡಿಗೆಗೆ ಹಿಡಿಯುವಾಗಲೇ ಎಷ್ಟು ಸೀಟು ಬೇಕು ಎಣಿಸಿ.

ಪ್ರಶ್ನೆ: (ಅದೇ ಪತ್ರದಿಂದ) ಅತ್ತೆ ಹೆಚ್ಚು ನಡೆಯಲಾರರು. ದೊಡ್ಡ ಭಾವ ನಿವೃತ್ತ ವಿಜ್ಞಾನ ಮೇಷ್ಟ್ರು. ಮಕ್ಕಳಿಗೆ ಒಂದು ನಿಮಿಷ ಸುಮ್ನೆ ಕೂರಲು ಆಗದು. ನಾಲ್ಕು ದಿನ ಏನೇನು ತೋರಿಸಬಹುದು?

ಉತ್ತರ: ದಿನಕ್ಕೆ ಒಂದೇ ಜಾಗ. ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಮೊದಲ ಸಲ ನಾವು ದಿನಕ್ಕೆ ಮೂರು ಜಾಗ ಅಂತ ಪಟ್ಟಿ ಮಾಡಿದ್ದೆವು. ನಾಲ್ಕು ದಿನ ಆದ ಮೇಲೆ ನಮ್ಮ ಅತ್ತಿಗೆ, ‘ನಿನ್ನ ಹತ್ತಿರ ಒಂದು ಗಂಟೆ ಕೂತು ಮಾತಾಡಲಿಲ್ಲ ಕಣೇ’ ಅಂದರು. ವಿಮಾನ ನಿಲ್ದಾಣದಲ್ಲಿ ಅಂದ ಮಾತು ಅದು. ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ.

ಮ್ಯಾಡಿಸನ್ ಇರುವುದು ಎರಡು ಕೆರೆಗಳ ನಡುವಿನ ಸಣ್ಣ ನೆಲದ ಪಟ್ಟಿಯ ಮೇಲೆ. ಒಂದು ಕಡೆ ಮೆಂಡೋಟಾ, ಇನ್ನೊಂದು ಕಡೆ ಮೊನೋನಾ. ಮೆಂಡೋಟಾ ದೊಡ್ಡದು, ಸುಮಾರು 40 ಚದರ ಕಿಲೋಮೀಟರ್, ಆಳ 25 ಮೀಟರ್‌ವರೆಗೆ. ಅದರ ದಂಡೆಯಲ್ಲೇ ವಿಶ್ವವಿದ್ಯಾಲಯ. ದಂಡೆಗೆ ತಾಗಿ ಮೆಮೋರಿಯಲ್ ಯೂನಿಯನ್ ಅನ್ನುವ, 1928ರಲ್ಲಿ ತೆರೆದ ಕಟ್ಟಡವಿದೆ. ಅದರ ಹಿಂದಿನ ಅಂಗಳವನ್ನು ಟೆರೇಸ್ ಅನ್ನುತ್ತಾರೆ. ಹಸಿರು, ಹಳದಿ, ಕಿತ್ತಳೆ ಬಣ್ಣದ ಲೋಹದ ಕುರ್ಚಿಗಳು, ಬೆನ್ನಿಗೆ ಸೂರ್ಯನ ಕಿರಣದ ಚಿತ್ತಾರ. ಕೂರಲು ದುಡ್ಡಿಲ್ಲ, ಯಾರೂ ಏಳಿ ಅನ್ನುವುದಿಲ್ಲ. ಮೇ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ ಎಂಟೂಕಾಲು ದಾಟಿದ ಮೇಲೆ. ಅತ್ತೆಯವರನ್ನು ಸಂಜೆ ಐದಕ್ಕೆ ಅಲ್ಲಿ ಕೂರಿಸಿ. ಮಕ್ಕಳು ವಿಶ್ವವಿದ್ಯಾಲಯದ ಡೈರಿಯಲ್ಲೇ ಮಾಡಿದ ಬ್ಯಾಬ್‌ಕಾಕ್ ಐಸ್‌ಕ್ರೀಮ್ ತಿನ್ನಲಿ, ದೋಣಿ ನೋಡಲಿ. ಮೂರು ಗಂಟೆ ಹೇಗೆ ಹೋಯಿತು ಗೊತ್ತಾಗುವುದಿಲ್ಲ. ನಮ್ಮ ಅಮ್ಮ ನಾಲ್ಕು ಸಂಜೆಯೂ ಅಲ್ಲಿಗೇ ಹೋಗೋಣ ಅಂದರು, ನಾಲ್ಕೂ ಸಂಜೆ ಹೋದೆವು. ಬೇರೆ ಏನೂ ನೋಡದಿದ್ದರೂ ಇದೊಂದು ಸಾಕು ಅಂತ ನಾನು ಮನಸ್ಸಾರೆ ಹೇಳುತ್ತೇನೆ. ದಪ್ಪ ಶಾಲು ಒಯ್ಯಿರಿ, ಸೂರ್ಯ ಮುಳುಗಿದ ಕೂಡಲೇ ಕೆರೆ ಗಾಳಿ ತಣ್ಣಗಾಗುತ್ತದೆ.

ಶನಿವಾರ ಬೆಳಿಗ್ಗೆ ರಾಜ್ಯದ ಶಾಸನ ಭವನದ ಸುತ್ತ ರೈತರ ಸಂತೆ. 1972ರಿಂದ ನಡೆಯುತ್ತಿದೆ. ಬೆಳೆದವರೇ ಮಾರಬೇಕು ಅನ್ನುವುದು ಅಲ್ಲಿನ ನಿಯಮ. ಜನ ಒಂದೇ ದಿಕ್ಕಿಗೆ, ಅಪ್ರದಕ್ಷಿಣವಾಗಿ ಸಾಗುತ್ತಾರೆ. ಎಂಟರೊಳಗೆ ಹೋದರೆ ಗಾಲಿಕುರ್ಚಿ ತಳ್ಳಲು ಜಾಗ ಇರುತ್ತದೆ, ಹತ್ತಕ್ಕೆ ಆಗದು. ಒಂದು ವಿಷಯ. ಅತ್ತೆಯವರು ಕಟ್ಟುನಿಟ್ಟಿನ ಸಸ್ಯಾಹಾರಿಗಳಾದರೆ ಚೀಸ್ ಕೊಳ್ಳುವಾಗ ಹಾಲು ಒಡೆಯಲು ಏನು ಬಳಸುತ್ತೀರಿ ಅಂತ ಕೇಳಿ. ಕೆಲವದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ರೈತರು ಬೇಸರವಿಲ್ಲದೆ ಹೇಳುತ್ತಾರೆ.

ಸಂತೆ ಮುಗಿಸಿ ಶಾಸನ ಭವನದ ಒಳಗೆ ಹೋಗಿ. 1917ರಲ್ಲಿ ಮುಗಿದ ಕಟ್ಟಡ, ಗುಮ್ಮಟ ಪೂರ್ತಿ ಗ್ರಾನೈಟ್. ಟಿಕೆಟ್ ಇಲ್ಲ. ಮೆಟ್ಟಿಲು ಹತ್ತದೆ ಹೋಗಲು ನೆಲಮಟ್ಟದ ಬಾಗಿಲಿದೆ. ವಿವರಿಸುವವರು ಜೊತೆಗೆ ಬರಬೇಕಾದರೆ ಇಷ್ಟು ಜನ ಬರುತ್ತೇವೆ ಅಂತ ಮೊದಲೇ ತಿಳಿಸಿಡಿ. ಗವರ್ನರ್ ಕಚೇರಿ ಹತ್ತಿರ ಕಂಚಿನ ಬ್ಯಾಡ್ಜರ್ ಇದೆ, ಆ ರಾಜ್ಯದ ಪ್ರಾಣಿ. ಅದರ ಮೂಗು ಸವರಿದರೆ ಒಳ್ಳೆಯದಾಗುತ್ತದೆ ಅಂತ ಎಲ್ಲರೂ ಸವರಿ ಸವರಿ ಮೂಗು ಹೊಳೆಯುತ್ತದೆ. ನಿಮ್ಮ ಮಕ್ಕಳು ಸಾಲು ನಿಲ್ಲುತ್ತಾರೆ ನೋಡಿ.

ಭಾವನವರಿಗೆ ನನ್ನ ಹತ್ತಿರ ಒಂದು ಕಥೆ ಇದೆ. ಹರ್ ಗೋಬಿಂದ್ ಖೊರಾನಾ 1960ರಿಂದ 1970ರವರೆಗೆ ಇದೇ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು. ಜೀವಕೋಶ ಪ್ರೋಟೀನ್ ಕಟ್ಟಲು ಬಳಸುವ ಸಂಕೇತವನ್ನು ಬಿಡಿಸಿದ್ದಕ್ಕೆ 1968ರಲ್ಲಿ ನೊಬೆಲ್ ಬಂದಾಗ ಅವರು ಮ್ಯಾಡಿಸನ್‌ನಲ್ಲೇ ಇದ್ದರು. ಇನ್ನೊಂದು ಇದೆ. ಕೆರೆಗಳ ಅಧ್ಯಯನವನ್ನು ಅಮೆರಿಕದಲ್ಲಿ ಒಂದು ಶಾಸ್ತ್ರವಾಗಿ ಬೆಳೆಸಿದ ಬರ್ಜ್ ಮತ್ತು ಜೂಡೇ ಅನ್ನುವ ಇಬ್ಬರು ಅಳತೆ ತೆಗೆದದ್ದು ಈ ಮೆಂಡೋಟಾದ ನೀರಿನಲ್ಲಿ. ಟೆರೇಸಿನಿಂದ ಸ್ವಲ್ಪ ದೂರದಲ್ಲೇ ಕೆರೆ ಅಧ್ಯಯನದ ಕೇಂದ್ರ ಇವತ್ತಿಗೂ ಇದೆ. ಮೇಷ್ಟ್ರಿಗೆ ಆ ಕಟ್ಟಡವನ್ನು ಹೊರಗಿನಿಂದ ನೋಡಿದರೂ ಸಂತೋಷವಾದೀತು.

ಮಕ್ಕಳಿಗೆ ಟೆನಿ ಪಾರ್ಕ್. ಮೆಂಡೋಟಾದ ನೀರು ಮೊನೋನಾಗಿಂತ ನಾಲ್ಕೈದು ಅಡಿ ಎತ್ತರದಲ್ಲಿದೆ. ನಡುವೆ ಯಹಾರಾ ನದಿ, ಅದರ ಬಾಯಲ್ಲಿ ಬಾಗಿಲು ಕಟ್ಟಿದ ಕಾಲುವೆ. ದೋಣಿ ಒಳಗೆ ಬಂದರೆ ಬಾಗಿಲು ಮುಚ್ಚಿ ನೀರು ಇಳಿಸಿ ಆಚೆ ಬಿಡುತ್ತಾರೆ. ನಮ್ಮ ಮಕ್ಕಳು ಎಂಟು ದೋಣಿ ಎಣಿಸುವವರೆಗೆ ಅಲುಗಲಿಲ್ಲ. ಊರಿನ ಹಲವು ಉದ್ಯಾನಗಳಲ್ಲಿ ಸೂರಿರುವ ಮಂಟಪಗಳನ್ನು ನಗರಾಡಳಿತ ಬಾಡಿಗೆಗೆ ಕೊಡುತ್ತದೆ. ಭಾನುವಾರದ ಊಟಕ್ಕೆ ಒಂದನ್ನು ಹಿಡಿಯಿರಿ. ಮಳೆ ಬಂದರೂ ಚಿಂತೆಯಿಲ್ಲ. ರಜೆಯ ವಾರ ಆದ್ದರಿಂದ ಬೇಗ ಕಾಯ್ದಿರಿಸಬೇಕು. ಹೆನ್ರಿ ವೈಲಸ್ ಮೃಗಾಲಯಕ್ಕೂ ಟಿಕೆಟ್ ಇಲ್ಲ.

ಹದಿಹರೆಯದವರು ಡೆವಿಲ್ಸ್ ಲೇಕ್‌ಗೆ ಹೋಗಲಿ. ಒಂದು ಗಂಟೆ ದೂರ, ಎರಡೂ ಕಡೆ ಐನೂರು ಅಡಿ ಎತ್ತರದ ಬಂಡೆಯ ಗೋಡೆ, ನಡುವೆ ಕೆರೆ. ಬೆಳಿಗ್ಗೆ ಬೇಗ ಹೊರಡಬೇಕು, ರಜೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಹುಲ್ಲಿನಲ್ಲಿ ನಡೆದು ಬಂದ ಮೇಲೆ ಕಾಲು, ಮಂಡಿಯ ಹಿಂದೆ, ಕತ್ತು ನೋಡಿಕೊಳ್ಳಲು ಹೇಳಿ. ಅಲ್ಲಿ ಮೇ, ಜೂನ್‌ನಲ್ಲಿ ರಕ್ತ ಹೀರುವ ಉಣ್ಣಿಗಳ ಕಾಟ ಇದೆ, ಕೆಲವು ಲೈಮ್ ರೋಗ ಹರಡುತ್ತವೆ.

ಪ್ರಶ್ನೆ: ನಾನು ಮ್ಯಾಡಿಸನ್‌ನಲ್ಲಿ ಓದುವ ಹುಡುಗಿ. ಎರಡು ಕೋಣೆಯ ಮನೆಯಲ್ಲಿ ಮೂವರಿದ್ದೇವೆ. ಅಪ್ಪ, ಅಮ್ಮ, ದೊಡ್ಡಮ್ಮ, ಅವರ ಮಕ್ಕಳು ಒಟ್ಟು ಎಂಟು ಜನ ಒಂದು ವಾರ ನನ್ನ ಮನೆಯಲ್ಲೇ ಇರುತ್ತೇವೆ ಅನ್ನುತ್ತಿದ್ದಾರೆ. ಬೇಡ ಅನ್ನುವುದು ಹೇಗೆ?

ಉತ್ತರ: ಮಗಳೇ, ನಿನ್ನ ಬಾಡಿಗೆ ಕರಾರಿನಲ್ಲಿ ಅತಿಥಿಗಳ ಬಗ್ಗೆ ಏನಿದೆ ಅಂತ ಮೊದಲು ಓದು. ಇಷ್ಟು ಜನ, ಇಷ್ಟು ರಾತ್ರಿ ಅಂತ ಮಿತಿ ಬರೆದಿರುವುದು ಸಾಮಾನ್ಯ. ಇದ್ದರೆ ಆ ಪುಟದ ಫೋಟೊ ತೆಗೆದು ಅಪ್ಪನಿಗೆ ಕಳಿಸು. ‘ನನಗೆ ಕಷ್ಟ’ ಅಂದರೆ ಬೇಸರವಾದೀತು, ‘ನಿಯಮ ಬಿಡುವುದಿಲ್ಲ’ ಅಂದರೆ ದೊಡ್ಡಮ್ಮನಿಗೂ ಅರ್ಥವಾಗುತ್ತದೆ. ಜೊತೆಗಿರುವ ಇಬ್ಬರು ಹುಡುಗಿಯರಿಗೂ ಅದು ಮನೆ, ಅವರನ್ನೂ ಕೇಳಬೇಕು. ಬರೀ ಬೇಡ ಅನ್ನಬೇಡ. ಹತ್ತಿರದ ಎರಡು ಹೋಟೆಲ್ ನೋಡಿ, ಬಸ್ ದಾರಿ ಬರೆದು ಅದೇ ಸಂದೇಶದಲ್ಲಿ ಕಳಿಸು. ಅಮ್ಮ ಒಬ್ಬರು ನಿನ್ನ ಕೋಣೆಯಲ್ಲಿ ಎರಡು ರಾತ್ರಿ ಮಲಗಲಿ. ಅವರು ಬರುವುದೇ ಅದಕ್ಕೆ ಅಲ್ವಾ?

ಪ್ರಶ್ನೆ: ನಮ್ಮವರಿಗೆ ಡಿಸೆಂಬರ್ ರಜೆ ಮಾತ್ರ ಸಿಗುತ್ತದೆ. ಚಳಿಗಾಲದಲ್ಲಿ ಮ್ಯಾಡಿಸನ್‌ನಲ್ಲಿ ಸೇರಬಹುದೇ? ಕೆರೆ ಹೆಪ್ಪುಗಟ್ಟಿರುತ್ತದಂತೆ, ಅದರ ಮೇಲೆ ನಡೆಯಬಹುದೇ?

ಉತ್ತರ: ಸೇರಬಹುದು, ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ, ಕೋಣೆ ಸುಲಭವಾಗಿ ಸಿಗುತ್ತದೆ. ಆದರೆ ಸಂಜೆ ನಾಲ್ಕೂವರೆಗೆ ಕತ್ತಲು, ದಾರಿಯಲ್ಲಿ ಮಂಜುಗಡ್ಡೆ. ವಯಸ್ಸಾದವರು ಜಾರಿ ಬಿದ್ದರೆ ಇಡೀ ಪ್ರವಾಸ ಆಸ್ಪತ್ರೆಯಲ್ಲಿ. ಅರವತ್ತು ದಾಟಿದವರು ಇದ್ದರೆ ನಾನು ಬೇಡ ಅನ್ನುತ್ತೇನೆ.

ಮೆಂಡೋಟಾ ಎಂದು ಹೆಪ್ಪುಗಟ್ಟಿತು, ಎಂದು ಕರಗಿತು ಅಂತ 1850ರ ದಶಕದಿಂದ ಬರೆದಿಟ್ಟಿದ್ದಾರೆ. ಈಗ ಹೆಪ್ಪು ತಡವಾಗಿ ಕಟ್ಟುತ್ತಿದೆ, ಬೇಗ ಕರಗುತ್ತಿದೆ. ಡಿಸೆಂಬರ್ ಕೊನೆಗೆ ಅದು ಗಟ್ಟಿ ಆಗಿರಬಹುದು, ಆಗದೆಯೂ ಇರಬಹುದು. ಜನವರಿ ಕೊನೆ, ಫೆಬ್ರುವರಿಯಲ್ಲಿ ಊರಿನವರು ಅದರ ಮೇಲೆ ಮೀನು ಹಿಡಿಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ಆಗಲೂ ಅವರು ನಡೆಯುವ ಕಡೆ ಮಾತ್ರ ನಡೆಯಿರಿ. ನದಿ ಸೇರುವ ಕಡೆ, ನೀರು ಹರಿಯುವ ಕಡೆ ಹೆಪ್ಪು ತೆಳು. ಮೇಲೆ ಹಿಮ ಬಿದ್ದಿದ್ದರೆ ನೋಡಿ ತಿಳಿಯುವುದಿಲ್ಲ. ಮಕ್ಕಳನ್ನು ಕೈಹಿಡಿದೇ ಕರೆದೊಯ್ಯಿರಿ. ಬೇಡ ಅನಿಸಿದರೆ ಯೂನಿಯನ್ ಕಟ್ಟಡದ ಒಳಗೆ ಕಿಟಕಿ ಪಕ್ಕ ಕೂತು ನೋಡಿ, ಅಲ್ಲಿಂದಲೂ ಕೆರೆ ಪೂರ್ತಿ ಕಾಣುತ್ತದೆ.